ಬೇಲ್ ಕೊಡಿಸಿದವನೇ ಅಣ್ಣ: ಹುಡುಗರು ಗ್ಯಾಂಗಿಗೆ ಹೋಗೋದು, ಬಿಡೋದು, ನಡುವಿನ ಜೈಲು

ಕಟ್ಟೆ ಓದುಗ, ಓಕಳಿಪುರ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಓಕಳಿಪುರ, ಶ್ರೀರಾಮಪುರ ಕಡೆಯ ಮೂರು ಯುವಕ ಸಂಘಗಳು ಸೇರಿ, ಏರಿಯಾದ ‘ಅಣ್ಣ’ಂದಿರ, ಅಂದರೆ ರೌಡಿ ಗುಂಪಿನ ಮುಖಂಡರ ಹಿಂದೆ ಓಡಾಡ್ತಿರೋ ಹುಡುಗರ ಜತೆ ಕೆಲಸ ಮಾಡಬೇಕು ಅಂತ ಹೊರಟಿದ್ದೀವಿ. ಭಾಷಣ, ಪ್ರತಿಜ್ಞೆ ಬೇಡ ಅನ್ನೋದರಲ್ಲಿ ಎಲ್ಲರೂ ಒಪ್ಪಿದ್ದಾರೆ. ಮಾಡೋದೇನು ಅನ್ನೋದೇ ತಿಳೀತಿಲ್ಲ. ಹುಡುಗ ಯಾವ ಹಂತದಲ್ಲಿ ಸಿಕ್ಕಿಬೀಳ್ತಾನೆ? ಬಿಡಬೇಕು ಅಂತ ಮನಸ್ಸು ಮಾಡಿದವನೂ ಮತ್ತೆ ಅಲ್ಲಿಗೇ ಯಾಕೆ ಹೋಗ್ತಾನೆ? ಜೈಲಲ್ಲಿ ಮನಪರಿವರ್ತನೆ ಅಂತಾರಲ್ಲ, ಅದರಲ್ಲಿ ಇಂಥ ಹುಡುಗರ ಪಾಲಿಗೆ ಬರೋದೆಷ್ಟು? ಯಾರ ಹೆಸರೂ ಬೇಡ, ಸ್ವಂತ ಕಥೆನೂ ಬೇಡ. ಕೆಲಸಕ್ಕೆ ಬರೋ ವಿವರ ಬೇಕು.

ಲಗ್ಗೆರೆ ಸಮಾಲೋಚಕಿ
ಓದುಗರೇ, ದಿನ ನೋಡಿ ಯಾರೂ ಸೇರಲ್ಲ. ಯಾವಾಗ ಸೇರಿದೆ ಅಂತ ಹುಡುಗನನ್ನೇ ಕೇಳಿದರೂ ಅವನಿಗೆ ಹೇಳೋಕೆ ಬರಲ್ಲ. ಹೆಚ್ಚಿನ ಕಡೆ ನಡೆಯೋದು ಹೀಗೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಬ್ಜೆಕ್ಟ್ ಹೋಗುತ್ತೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರೋದರಿಂದ ಮತ್ತೆ ಬರೆದು ಅದೇ ವರ್ಷ ಪಾಸಾಗೋ ದಾರಿ ಇದೆ. ಮನೆಯಲ್ಲಿ ಅದು ಯಾರಿಗೂ ಗೊತ್ತಿರಲ್ಲ, ನೋಂದಣಿಯ ಕೊನೇ ದಿನ ದಾಟಿಹೋಗುತ್ತೆ. ಮೇ ತಿಂಗಳಿಂದ ಆಚೆಗೆ ಬೆಳಿಗ್ಗೆ ಎದ್ದರೆ ಹೋಗೋಕೆ ಒಂದು ಜಾಗ ಅಂತ ಇರಲ್ಲ. ಬೇಕರಿ ಮುಂದೆ ನಿಲ್ಲೋದು ಆಗ ಶುರುವಾಗುತ್ತೆ.

ಅಲ್ಲಿ ಮೊದಲು ಸಿಗೋದು ದುಡ್ಡಲ್ಲ. ‘ಖರ್ಚು ನೋಡ್ಕೊಳ್ಳೋದು’ ಅಂತಾರೆ: ಬೈಕಿಗೆ ಪೆಟ್ರೋಲ್, ರಾತ್ರಿ ಬಿರಿಯಾನಿ, ಫೋನಿಗೆ ರೀಚಾರ್ಜ್, ಸೇದೋಕೆ ಗಾಂಜಾ. ಬದಲಿಗೆ ಸಣ್ಣ ಸಣ್ಣ ಕೆಲಸ. ಫುಟ್‌ಪಾತ್ ಗಾಡಿಗಳಿಂದ ಮಾಮೂಲಿ ಎತ್ತಿಕೊಂಡು ಬರೋದು, ಮೀಟರ್ ಬಡ್ಡಿ ಕಟ್ಟದವನ ಮನೆ ಮುಂದೆ ಹೋಗಿ ನಿಲ್ಲೋದು, ತಕರಾರಿರೋ ಸೈಟಲ್ಲಿ ಶೀಟ್ ಹಾಕಿಕೊಂಡು ಎರಡು ರಾತ್ರಿ ಮಲಗೋದು, ಅಣ್ಣನ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟೋದು. ಸಂಬಳ ಅಂತ ತಿಂಗಳಿಗೆ ಗೊತ್ತುಮಾಡಿದರೆ ಹುಡುಗ ಲೆಕ್ಕ ಕೇಳ್ತಾನೆ, ಬೇರೆ ಕಡೆ ಹೆಚ್ಚು ಸಿಕ್ಕರೆ ಹೋಗ್ತಾನೆ. ಖರ್ಚು ನೋಡ್ಕೊಂಡರೆ ಋಣ ಬೀಳುತ್ತೆ. ಎತ್ತಿದ ದುಡ್ಡು ಮೇಲಕ್ಕೇ ಹೋಗುತ್ತೆ, ಕೆಳಗಿರೋ ಹುಡುಗನ ಕೈಲಿ ಉಳಿಯೋದು ಗಾರೆ ಕೆಲಸದ ಕೂಲಿಗಿಂತ ಕಡಿಮೆ.

ದುಡ್ಡಿನ ಆಸೆ ಅಂತ ಮಾತ್ರ ನೋಡಿದರೆ ಇದು ಅರ್ಥ ಆಗಲ್ಲ. ಪಕ್ಕದ ಏರಿಯಾದವರು ಹೊಡೆದರೆ ಕೇಳೋರಿರಬೇಕು ಅನ್ನೋ ಭಯ, ಮನೆಯಲ್ಲಿ ಕುಡಿದು ಹೊಡೆಯೋ ಅಪ್ಪ, ‘ಇವನು ಇಂಥವರ ಹುಡುಗ’ ಅಂದಾಗ ಸಿಗೋ ಮರ್ಯಾದೆ, ಈ ಮೂರು ಸೇರಿದ ಕಡೆ ಎಳೆತ ಜಾಸ್ತಿ. ಜತೆಗೆ ಈಗ ರೀಲ್ಸ್. ಲಾಂಗ್ ಹಿಡಿದು ವಿಡಿಯೊ ಹಾಕಿದ ಹುಡುಗ ತನ್ನ ವಿರುದ್ಧದ ಸಾಕ್ಷಿಯನ್ನ ತಾನೇ ಇಟ್ಟುಕೊಟ್ಟ ಹಾಗೆ. ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿ, ಮನೆ ಬಳಕೆಗೋ ಬೇಸಾಯಕ್ಕೋ ಅಲ್ಲದ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಹರಿತದ ಆಯುಧಗಳೂ ಬರುತ್ತವೆ. ವಿಡಿಯೊ ಡಿಲೀಟ್ ಮಾಡಿದರೂ ಅಷ್ಟರಲ್ಲಿ ಅದು ಹತ್ತು ಫೋನಲ್ಲಿ ಇರುತ್ತೆ.

ನೀವು ನಂಬೋಕೆ ಕಷ್ಟ ಆಗಬಹುದು, ಹೆಚ್ಚಿನ ಹುಡುಗರು ತಾವಾಗೇ ದೂರ ಆಗ್ತಾರೆ. ಅಮೆರಿಕದ ರಾಚೆಸ್ಟರ್ ಊರಿನಲ್ಲಿ ಹದಿಹರೆಯದವರನ್ನ ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲೂ ಬಹುಪಾಲು ಹುಡುಗರು ಗ್ಯಾಂಗಲ್ಲಿದ್ದಿದ್ದು ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ. ಅವರ ಊರಿನ ಲೆಕ್ಕವನ್ನ ನಮಗೆ ನೇರ ಹಚ್ಚೋಕಾಗಲ್ಲ. ನಮ್ಮಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ತಾನಾಗೇ ಹೊರಗೆ ಬರಬೇಕಾದವನನ್ನ ಹಿಡಿದಿಟ್ಟುಕೊಳ್ಳೋದು ಯಾವುದು?

ಮೇಯೋಹಾಲ್ ವಕೀಲ
ಮೇಡಂ ಕೊನೆಗೆ ಕೇಳಿದ್ದಕ್ಕೆ ನನ್ನ ಉತ್ತರ ಒಂದೇ. ಹುಡುಗನನ್ನ ಕಟ್ಟಿಹಾಕೋದು ಅವನ ಮೊದಲ ಬೇಲ್.

ಬಿಡಿಸಿ ಹೇಳ್ತೀನಿ. ಡಕಾಯಿತಿಗೆ ಸಂಚು ಅಂತ ಒಂದು ಕೇಸ್ ಆಗುತ್ತೆ. ಹಳೇ ಐಪಿಸಿಯಲ್ಲಿ 399, 402. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 310ನೇ ಕಲಮಿನ 4 ಮತ್ತು 5ನೇ ಉಪಕಲಮು. ಡಕಾಯಿತಿ ಅನ್ನಿಸಿಕೊಳ್ಳೋಕೆ ಕನಿಷ್ಠ 5 ಜನ ಬೇಕು. ಆ ಐದನೆಯವನು ಬಹಳ ಸಲ ಬೈಕ್ ಓಡಿಸಿಕೊಂಡು ಬಂದಿದ್ದ ಹುಡುಗನೇ ಆಗಿರ್ತಾನೆ. ಇಲ್ಲದಿದ್ದರೆ ಮೊದಲ ಆರೋಪಿಯ ಸ್ವಇಚ್ಛಾ ಹೇಳಿಕೆಯಲ್ಲಿ ಅವನ ಹೆಸರು ಬರುತ್ತೆ. ತಯಾರಿಗೆ 10 ವರ್ಷದವರೆಗೆ, ಗುಂಪು ಸೇರಿದ್ದಕ್ಕೆ 7 ವರ್ಷದವರೆಗೆ ಶಿಕ್ಷೆ ಇರೋ ಅಪರಾಧ. ಸ್ಟೇಷನ್ ಬೇಲ್ ಆಗಲ್ಲ.

ಮನೆಯವರಿಗೆ ವಕೀಲರ ಫೀಸ್ ಹೊಂದಿಸೋಕಾಗಲ್ಲ. ಅದಕ್ಕಿಂತ ದೊಡ್ಡ ತೊಡಕು ಶ್ಯೂರಿಟಿ, ಅಂದರೆ ಆಸ್ತಿ ಪತ್ರ ತೋರಿಸಿ ಜಾಮೀನಿಗೆ ನಿಲ್ಲೋ ಮನುಷ್ಯ. ಬಾಡಿಗೆ ಮನೆಯಲ್ಲಿರೋರ ಹತ್ರ ಪಹಣಿ ಎಲ್ಲಿಂದ ಬರಬೇಕು, ಖಾತೆ ಎಲ್ಲಿಂದ ಬರಬೇಕು? ಆಗ ಅಣ್ಣ ವಕೀಲರನ್ನ ಕಳಿಸ್ತಾನೆ, ಶ್ಯೂರಿಟಿ ಕರಕೊಂಡು ಬರ್ತಾನೆ. ಹುಡುಗ ಹೊರಗೆ ಬರ್ತಾನೆ. ಅಲ್ಲಿಂದ ಮುಂದೆ ಪ್ರತಿ ವಾಯಿದೆಗೂ ವಕೀಲರು ಅಣ್ಣನವರೇ. ‘ನಾಳೆಯಿಂದ ಬರಲ್ಲ’ ಅಂದರೆ ಶ್ಯೂರಿಟಿ ಕೊಟ್ಟವನು ಕೋರ್ಟಿಗೆ ಹೋಗಿ ‘ನನ್ನನ್ನ ಬಿಡುಗಡೆ ಮಾಡಿ’ ಅಂತ ಅರ್ಜಿ ಹಾಕಬಹುದು. ಹಾಕಿದರೆ ಹುಡುಗ ಬೇರೆ ಶ್ಯೂರಿಟಿ ತರಬೇಕು, ಇಲ್ಲ ಮತ್ತೆ ಒಳಗೆ ಹೋಗಬೇಕು. ಮಚ್ಚು ತೋರಿಸೋ ಅಗತ್ಯವೇ ಇಲ್ಲ.

ಹಾಗಾಗಿ ಸಂಘದವರು ಒಂದೇ ಒಂದು ಕೆಲಸ ಮಾಡೋದಾದರೆ ಇದನ್ನ ಮಾಡಿ: ಮೊದಲ ಕೇಸಿನ ಬೇಲ್ ಅಣ್ಣನ ಕೈಗೆ ಹೋಗದ ಹಾಗೆ ನೋಡ್ಕೊಳ್ಳಿ. ಕಸ್ಟಡಿಯಲ್ಲಿ ಇರೋ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲೇ ಇದೆ. 15100ಕ್ಕೆ ಫೋನ್ ಮಾಡಿ, ಇಲ್ಲ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಎಫ್ಐಆರ್ ನಂಬರ್, ಠಾಣೆ, ರಿಮ್ಯಾಂಡ್ ಆದ ಕೋರ್ಟು, ಮೂರೂ ಬರೆದುಕೊಂಡು ಹೋಗಿ. ಬರಿಗೈಲಿ ಹೋದರೆ ಮತ್ತೊಂದು ದಿನ ಹಾಳು.

ಇನ್ನು ಶ್ಯೂರಿಟಿ. ಪಹಣಿ ಅಥವಾ ಮನೆ ಖಾತೆ, ಕಟ್ಟಿದ ತೆರಿಗೆಯ ರಸೀದಿ, ಆಧಾರ್, ಫೋಟೊ ಇಟ್ಟುಕೊಂಡು ಒಪ್ಪಿ ನಿಲ್ಲೋ ಇಬ್ಬರು ಹಿರಿಯರನ್ನ ಸಂಘದಲ್ಲೇ ಮೊದಲೇ ಗುರುತುಮಾಡಿ. ಹುಡುಗ ತಪ್ಪಿಸಿಕೊಂಡರೆ ಬಾಂಡಿನ ಹಣ ಕಟ್ಟಬೇಕಾಗುತ್ತೆ ಅಂತ ಅವರಿಗೆ ಬಿಡಿಸಿ ಹೇಳಿ, ಮುಚ್ಚಿಡಬೇಡಿ. ಕೋರ್ಟಿನ ಸುತ್ತ ಸಿಗೋ ಬಾಡಿಗೆ ಶ್ಯೂರಿಟಿ ಹತ್ತಿರ ಸುಳೀಬೇಡಿ, ನಕಲಿ ಪಹಣಿ ಅಂತ ಗೊತ್ತಾದರೆ ಅದೇ ಒಂದು ಹೊಸ ಕ್ರಿಮಿನಲ್ ಕೇಸ್. ಮನುಷ್ಯ ಶ್ಯೂರಿಟಿ ಸಿಗದಿದ್ದರೆ ನಗದು ಭದ್ರತೆಗೆ ಕೇಳಬಹುದು, ಹಳೇ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 490ನೇ ಕಲಮು. ಅದಕ್ಕೂ ಶಕ್ತಿ ಇಲ್ಲದವರಿಗೆ 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿನ ಯೋಜನೆ ತಂದಿದೆ. ಯೋಜನೆ ತಂದಾಗ ಇದ್ದ ಮಿತಿ ವಿಚಾರಣಾಧೀನರ ಬೇಲ್ ಮೊತ್ತಕ್ಕೆ ₹40,000ವರೆಗೆ, ಶಿಕ್ಷೆಯಾದವರ ದಂಡಕ್ಕೆ ₹25,000ವರೆಗೆ. ಬೇಲ್ ಆರ್ಡರ್ ಆಗಿ 7 ದಿನ ಕಳೆದರೂ ಬಿಡುಗಡೆ ಆಗದಿದ್ದರೆ ಜೈಲಿನವರು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟೇ 2023ರ ಜನವರಿಯಲ್ಲಿ ಹೇಳಿದೆ. ತಿಳಿಸಿದ್ದಾರಾ ಅಂತ ಎಂಟನೇ ದಿನ ನೀವೇ ಹೋಗಿ ವಿಚಾರಿಸಿ.

ವಿಜಯನಗರ ನಿವಾಸಿ
ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೇಲ್ ಸುಲಭ ಮಾಡೋಣ, ಕೆಲಸ ಕೊಡಿಸೋಣ ಅಂತೀರಿ. ಮಚ್ಚಿನೇಟು ತಿಂದು ಕೈ ಕಳಕೊಂಡ ತಳ್ಳುಗಾಡಿಯವನಿಗೆ ಯಾರಿದ್ದಾರೆ? ಸಾಕ್ಷಿ ಹೇಳಿದ ಅಂಗಡಿಯವನು ರಾತ್ರಿ ಬಾಗಿಲು ಹಾಕಿಕೊಂಡು ಮನೆಗೆ ಹೋಗೋದು ಹೇಗೆ?

ಮೇಯೋಹಾಲ್ ವಕೀಲ
ಬೇಜಾರಿಲ್ಲ ಸರ್, ಕೇಳಬೇಕಾದ್ದೇ ಇದು. ಗಾಯಗೊಂಡವರಿಗೆ ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ 2011ರಿಂದ ಇದೆ. ಅರ್ಜಿ ಹಾಕೋದು ಅದೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಆರೋಪಿ ಸಿಗಲೇಬೇಕು, ಶಿಕ್ಷೆ ಆಗಲೇಬೇಕು ಅಂತಿಲ್ಲ. ಎಫ್ಐಆರ್ ಪ್ರತಿ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಖರ್ಚಿನ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ ಬೇಕು. ಬಿಲ್ಲು ಬಿಸಾಡೋದೇ ದೊಡ್ಡ ತಪ್ಪು.

ಸಾಕ್ಷಿಗೆ 2018ರ ಸಾಕ್ಷಿ ರಕ್ಷಣಾ ಯೋಜನೆ. ಅರ್ಜಿ ಕೊಟ್ಟ ಮೇಲೆ ಎಸಿಪಿ ದರ್ಜೆಯ ಅಧಿಕಾರಿ 5 ಕೆಲಸದ ದಿನದೊಳಗೆ ಬೆದರಿಕೆಯ ವರದಿ ಕೊಡಬೇಕು. ಅದರ ಮೇಲೆ ಬೀಟ್ ಪೊಲೀಸರ ಗಸ್ತು, ಮನೆಗೆ ಕ್ಯಾಮೆರಾ, ಕೋರ್ಟಿಗೆ ಬೆಂಗಾವಲು, ವಿಡಿಯೊ ಮೂಲಕ ಸಾಕ್ಷ್ಯ, ಹೀಗೆ ಆದೇಶ ಆಗುತ್ತೆ. ಗ್ಯಾಂಗ್ ಬಿಟ್ಟು ಬಂದು ನಿಜ ಹೇಳೋಕೆ ತಯಾರಿರೋ ಹುಡುಗನಿಗೂ ಇದೇ ಯೋಜನೆ. ಸಂಘದವರು ಎರಡೂ ಕಡೆಯವರಿಗೆ ಅರ್ಜಿ ಬರೆದುಕೊಡೋಕೆ ಕಲೀಬೇಕು. ಹೊಡೆಸಿಕೊಂಡವರ ಮನೆಗೆ ಹೋಗದ ಸಂಘ ಏರಿಯಾದಲ್ಲಿ ಬಹಳ ದಿನ ಉಳಿಯಲ್ಲ.

ನಿವೃತ್ತ ರೈಟರ್
ಠಾಣೆಯಲ್ಲಿ ಕಡತ ಬರೀತಿದ್ದವನು ನಾನು, ಆ ಕಡೆಯ ಲೆಕ್ಕ ಹೇಳ್ತೀನಿ. ಜನ ಎಲ್ಲವನ್ನೂ ‘ರೌಡಿ ಕೇಸ್’ ಅಂತ ಒಂದೇ ಹಗ್ಗದಲ್ಲಿ ಕಟ್ಟಿಬಿಡ್ತಾರೆ. ಬೇರೆಬೇರೆ ಅಂತ ಗೊತ್ತಿದ್ದರೆ ಯಾವ ಬಾಗಿಲು ತಟ್ಟಬೇಕು ಅನ್ನೋದು ಗೊತ್ತಾಗುತ್ತೆ.

ರೌಡಿ ಶೀಟ್ ಅನ್ನೋದು ಶಿಕ್ಷೆಯಲ್ಲ, ಪೊಲೀಸ್ ಕೈಪಿಡಿಯ 1059ನೇ ಆದೇಶದ ಪ್ರಕಾರ ತೆಗೆಯೋ ನಿಗಾ ಕಡತ. ಮೊದಲೆಲ್ಲ ಹುಡುಗನಿಗೆ ಗೊತ್ತೇ ಆಗ್ತಿರಲಿಲ್ಲ. 2022ರಲ್ಲಿ ಹೈಕೋರ್ಟ್, ಹೆಸರು ಸೇರಿಸೋ ಮೊದಲು ನೋಟಿಸ್ ಕೊಟ್ಟು ಅವನ ಮಾತು ಕೇಳಬೇಕು ಅಂದಿದೆ. ನೋಟಿಸ್ ಬಂದರೆ ಹರಿದು ಬಿಸಾಡಬೇಡಿ, ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಹಳೇ ಸಿಆರ್‌ಪಿಸಿಯಲ್ಲಿ 107, 110 ಅಂತಿದ್ದದ್ದು ಈಗ ಸುರಕ್ಷಾ ಸಂಹಿತೆಯ 126, 129. ಮುಚ್ಚಳಿಕೆ ಬರೆಸಿಕೊಳ್ಳೋದು: ಮೊದಲನೆಯದು ಒಂದು ವರ್ಷದವರೆಗೆ, ಎರಡನೆಯದು ಮೂರು ವರ್ಷದವರೆಗೆ. ಗಡಿಪಾರು ಪೊಲೀಸ್ ಕಾಯ್ದೆ 1963ರ ಅಡಿ. ಗೂಂಡಾ ಕಾಯ್ದೆ 1985ರದ್ದು, ಅದರಲ್ಲಿ ವಿಚಾರಣೆಯೇ ಇಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಸಲಹಾ ಮಂಡಳಿ ಮುಂದೆ ಮನವಿ ಕೊಡೋ ಹಕ್ಕು ಇದೆ. ಎಲ್ಲಕ್ಕಿಂತ ಬಿಗಿ 2000ದ ಕೋಕಾ, ಅಂದರೆ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ. 10 ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಇದ್ದು, ಕೂಟವಾಗಿ ಮಾಡಿದ ಅಪರಾಧ ಅಂತಾದರೆ ಹಾಕ್ತಾರೆ. ಬೇಲ್ ಸಿಗೋದು ಬಹಳ ಕಷ್ಟ.

ಹಿಂದಿನದು ಒಂದು ಮಾತು. ಈ ಊರಿನ ಹಳೇ ದಾದಾಗಳು ಗರಡಿ ಮನೆ, ಸಿನಿಮಾ ಟಿಕೆಟ್ಟು, ಮಾರ್ಕೆಟ್ ಮಾಮೂಲಿಯಿಂದ ಎದ್ದವರು. ಕೊತ್ವಾಲ ರಾಮಚಂದ್ರನ ಕೊಲೆ 1986ರಲ್ಲಿ, ಎಂ.ಪಿ. ಜಯರಾಜ್ ಕೊಲೆ 1989ರಲ್ಲಿ. ಆಮೇಲೆ ಜಮೀನಿನ ಬೆಲೆ ಏರ್ತಾ ಹೋದ ಹಾಗೆ ದುಡ್ಡೆಲ್ಲ ಸೈಟಿನ ಸೆಟ್ಲ್‌ಮೆಂಟಿಗೆ ತಿರುಗಿತು. ಗರಡಿಯಲ್ಲಿ ಹತ್ತು ವರ್ಷ ಸಾಮು ಮಾಡಿದ ಮೈ ಬೇಕಿತ್ತು ಆಗ. ಸೈಟು ಕಾಯೋಕೆ ಹದಿನಾರರ ಹುಡುಗ ಸಾಕು. ಕೆಳಗಿನವರು ಇಷ್ಟು ಎಳೆಯರಾಗಿರೋದು ಅದಕ್ಕೇ.

ಪಾರ್ವತಿ ಅಕ್ಕ, ಸುಂಕದಕಟ್ಟೆ
ರೈಟರ್ ಸಾರ್, 18 ತುಂಬದ ಹುಡುಗನ ಹೆಸರು ಕೇಸಲ್ಲಿ ಬಂದರೆ ತಾಯಂದಿರು ಮೊದಲು ಏನು ಹಿಡಕೊಂಡು ಓಡಬೇಕು?

ನಿವೃತ್ತ ರೈಟರ್
ಶಾಲೆಯ ದಾಖಲೆ ಅಕ್ಕ. ವಯಸ್ಸಿಗೆ ಮೊದಲ ಪುರಾವೆ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಅಂಕಪಟ್ಟಿ, ಅದಿಲ್ಲದಿದ್ದರೆ ಪಾಲಿಕೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಅರೆಸ್ಟ್ ಮೆಮೋದಲ್ಲಿ 19 ಅಂತ ಬರೆದುಹೋದರೆ ಹುಡುಗ ಪರಪ್ಪನ ಅಗ್ರಹಾರದ ದೊಡ್ಡವರ ಜೈಲು ಸೇರ್ತಾನೆ. ಆಮೇಲೂ ಸರಿಪಡಿಸಬಹುದು, ಅಪ್ರಾಪ್ತ ಅನ್ನೋದನ್ನ ಯಾವ ಹಂತದಲ್ಲಾದರೂ ಯಾವ ಕೋರ್ಟಲ್ಲಾದರೂ ಎತ್ತಬಹುದು. ಅಷ್ಟರೊಳಗೆ ಒಳಗಿನ ದೊಡ್ಡವರ ಪರಿಚಯ ಆಗಿಹೋಗಿರುತ್ತೆ, ಅದೇ ಭಯ. ಅಪ್ರಾಪ್ತನನ್ನ ಲಾಕಪ್ಪಲ್ಲಿ ಇಡೋ ಹಾಗಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ತರಬೇಕು.

ಲಗ್ಗೆರೆ ಸಮಾಲೋಚಕಿ
ಅದಕ್ಕೆ ಇದನ್ನೂ ಸೇರಿಸಿಕೊಳ್ಳಿ ಅಕ್ಕ. ಮಂಡಳಿಯಲ್ಲಿ ಬೇಲ್ ಕೊಡೋದೇ ಸಾಮಾನ್ಯ ನಿಯಮ. ಬಿಟ್ಟರೆ ಮತ್ತೆ ಕ್ರಿಮಿನಲ್‌ಗಳ ಸಹವಾಸಕ್ಕೆ ಬೀಳ್ತಾನೆ ಅಂತ ಅನ್ನಿಸಿದರೆ ನಿರಾಕರಿಸಬಹುದು. ಗ್ಯಾಂಗಿನ ಹುಡುಗರಿಗೆ ಬೇಲ್ ತಪ್ಪೋದು ಬಹುತೇಕ ಇದೇ ಕಾರಣಕ್ಕೆ. ಹಾಗಾಗಿ ‘ನಮ್ಮನೆಗೆ ಕಳಿಸಿ’ ಅಂತ ಅಷ್ಟೇ ಹೇಳಿದರೆ ಸಾಲದು. ತುಮಕೂರಲ್ಲೋ ಕುಣಿಗಲ್ಲಲ್ಲೋ ಇರೋ ಸೋದರಮಾವನ ಮನೆ, ಅವರ ಒಪ್ಪಿಗೆ ಪತ್ರ, ಆಧಾರ್, ಅಲ್ಲಿ ಸೇರಬಹುದಾದ ಐಟಿಐ ಅಥವಾ ಗ್ಯಾರೇಜಿನ ವಿವರ, ಇಷ್ಟನ್ನ ಪರಿವೀಕ್ಷಣಾಧಿಕಾರಿಗೆ ಮೊದಲೇ ಕೊಡಿ. ಅವರು ಬರೆಯೋ ಸಾಮಾಜಿಕ ತನಿಖಾ ವರದಿಯಲ್ಲಿ ಅದು ಬಂದರೆ ಮಂಡಳಿಗೆ ಧೈರ್ಯ ಬರುತ್ತೆ.

ಮಕ್ಕಳನ್ನ ಮುಂದೆ ಬಿಟ್ಟು ಕೆಲಸ ಮಾಡಿಸೋದೇ ಬಾಲ ನ್ಯಾಯ ಕಾಯ್ದೆ 2015ರ 83ನೇ ಕಲಮಿನಲ್ಲಿ ಪ್ರತ್ಯೇಕ ಅಪರಾಧ. 7 ವರ್ಷದವರೆಗೆ ಕಠಿಣ ಸಜೆ, ₹5 ಲಕ್ಷ ದಂಡ. ಈ ಕಲಮನ್ನ ಬಳಸೋದು ಬಹಳ ಕಡಿಮೆ, ಅದು ನನಗೆ ನಿಜವಾಗಿಯೂ ನೋವಿನ ವಿಷಯ. ದೂರು ಕೊಡುವಾಗ ಬರವಣಿಗೆಯಲ್ಲಿ ಈ ಕಲಮನ್ನ ಹೆಸರಿಸಿ ಕೇಳಿ. ‘ಚಿಕ್ಕವನು, ಮೂರು ವರ್ಷದೊಳಗೆ ಬಂದುಬಿಡ್ತೀಯ, ಕೇಸ್ ನೀನು ತಗೋ’ ಅಂತ ಒಪ್ಪಿಸೋರಿಗೆ ಒಂದು ಮಾತು ಗೊತ್ತಿರಲ್ಲ: 16 ದಾಟಿದವನ ಮೇಲೆ ಕೊಲೆಯಂಥ ಘೋರ ಅಪರಾಧ ಇದ್ದರೆ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಿ ದೊಡ್ಡವರ ಹಾಗೆ ವಿಚಾರಣೆಗೆ ಕಳಿಸಬಹುದು. ಹುಡುಗರಿಗೆ ಇದನ್ನ ನೇರ ಹೇಳಿ.

ಬಂದೀಖಾನೆ ಮಾಜಿ ಅಧಿಕಾರಿ
ಮೂರನೇ ಪ್ರಶ್ನೆಗೆ ನಾನು ಬರೀತೀನಿ. ಜೈಲಿನ ಸುಧಾರಣೆ ಅಂದಾಗ ಪತ್ರಿಕೆಯಲ್ಲಿ ಕಾಣೋದು ಬೇಕರಿ, ನೇಯ್ಗೆ, ಮರಗೆಲಸ, ಯೋಗ. ಇವೆಲ್ಲ ನಿಜ. ಆದರೆ ದುಡಿಮೆ ಕಟ್ಟಿರೋದು ಸಜಾ ಬಂದಿಗಳಿಗೆ, ಅಂದರೆ ಶಿಕ್ಷೆಯಾದವರಿಗೆ. ಕರ್ನಾಟಕದಲ್ಲಿ ಅವರ ದಿನಗೂಲಿ ಈಗ ₹500 ದಾಟಿದೆ, ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಮೂರು ವರ್ಷ ಬೇಕರಿಯಲ್ಲಿ ಕೆಲಸ ಮಾಡಿದ ಬಂದಿ ಕೈಯಲ್ಲಿ ಒಂದಿಷ್ಟು ಹಣ, ಒಂದು ಕಸುಬು ಹಿಡಿದು ಹೊರಗೆ ಹೋಗ್ತಾನೆ. ಒಳ್ಳೇ ನಡತೆಯವರಿಗೆ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ.

ನಿಮ್ಮ ಹುಡುಗರು ಸಜಾ ಬಂದಿಗಳಲ್ಲ, ವಿಚಾರಣಾಧೀನರು. ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದವರಲ್ಲಿ ಸುಮಾರು ಶೇ. 76ರಷ್ಟು ಜನ ವಿಚಾರಣಾಧೀನರೇ. ಅವರಿಗೆ ಕಡ್ಡಾಯ ದುಡಿಮೆ ಇಲ್ಲ, ಮೂರು ತಿಂಗಳಿಗೋ ಆರು ತಿಂಗಳಿಗೋ ಹೊರಗೆ ಹೋಗೋರು ಅಂತ ತರಬೇತಿ ತಂಡಕ್ಕೂ ಸೇರಿಸಿಕೊಳ್ಳಲ್ಲ. ದಿನವಿಡೀ ಬ್ಯಾರಕ್ಕಲ್ಲಿ ಕೂತಿರೋ ಹತ್ತೊಂಬತ್ತರ ಹುಡುಗನಿಗೆ ಪಾಠ ಹೇಳೋಕೆ ಪಕ್ಕದಲ್ಲೇ ಹಳಬರಿರ್ತಾರೆ. ಸುಧಾರಣೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಅದು ಇಲ್ಲ. ನನ್ನ ಮಟ್ಟಿಗೆ ಇದೇ ಮೂಲ ಲೋಪ.

ಮೊದಲ ಎರಡು ವಾರ ಬಹಳ ಮುಖ್ಯ. ಹೊಸಬನಿಗೆ ಮಲಗೋಕೆ ಜಾಗ, ಸೋಪು, ಕ್ಯಾಂಟೀನಿಗೆ ದುಡ್ಡು, ಮನೆಗೊಂದು ಫೋನ್ ಬೇಕು. ಇವು ಮನೆಯಿಂದ ಬರದಿದ್ದರೆ ಗುಂಪಿನಿಂದ ಬರುತ್ತೆ, ಅದೂ ಋಣವೇ. ಹಾಗಾಗಿ ಹುಡುಗ ಒಳಗೆ ಹೋದ ವಾರದಲ್ಲೇ ಮನೆಯವರು ಮುಲಾಖತ್‌ಗೆ, ಅಂದರೆ ಭೇಟಿಗೆ ಬರಬೇಕು. ಇ-ಮುಲಾಖತ್ ಪೋರ್ಟಲಿನಲ್ಲಿ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬಹುದು, ಗುರುತಿನ ಚೀಟಿ ಕಡ್ಡಾಯ. ಕ್ಯಾಂಟೀನ್ ಹಣವನ್ನ ಅಧಿಕೃತ ಖಾತೆಗೇ ಹಾಕಿ, ಯಾರ ಕೈಲೂ ಕಳಿಸಬೇಡಿ. ಒಳಗೆ ಕದ್ದು ತಂದ ಮೊಬೈಲಲ್ಲಿ ಮಾತಾಡು ಅಂತ ಮನೆಯವರೇ ಒತ್ತಾಯ ಮಾಡ್ತಾರೆ. ಸಿಕ್ಕರೆ ಹೊಸ ಕೇಸ್, ಸಿಗದಿದ್ದರೆ ಫೋನ್ ಕೊಟ್ಟವನ ಹಂಗು. ಜೈಲಿನ ಅಧಿಕೃತ ಫೋನ್‌ಗೆ ಮನೆಯ ನಂಬರ್ ಮೊದಲ ದಿನವೇ ಬರೆಸಿ.

ಎರಡನೆಯದು ನಶೆ. ನಿಮ್ಹಾನ್ಸ್ ತಂಡ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನ ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟಿತು. ಶೇ. 79.6 ಜನರಲ್ಲಿ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುವಿನ ತೊಂದರೆ ಕಂಡಿತ್ತು. ನಶೆಯನ್ನ ಲೆಕ್ಕದಿಂದ ತೆಗೆದರೂ ಶೇ. 27.6. ಪ್ರವೇಶದ ದಿನದ ವೈದ್ಯಕೀಯ ತಪಾಸಣೆಯಲ್ಲಿ ಹುಡುಗ ‘ಏನೂ ಇಲ್ಲ’ ಅಂತಾನೆ, ಕೇಸಿಗೆ ಸೇರಿಸಿಬಿಡ್ತಾರೆ ಅನ್ನೋ ಭಯ. ವಿಪರೀತ ಕುಡೀತಿದ್ದವನಿಗೆ ಎರಡು ಮೂರು ದಿನದಲ್ಲಿ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ. ಮಾತ್ರೆ, ಇಂಜೆಕ್ಷನ್ ಬಳಸ್ತಿದ್ದವನು ನೋವು ತಡೀಲಾರದೆ ಯಾರು ಏನು ಕೊಟ್ಟರೂ ತಗೋತಾನೆ. ವೈದ್ಯರಿಗೆ ನಿಜ ಹೇಳು ಅಂತ ವಕೀಲರು, ತಾಯಿ ಇಬ್ಬರೂ ಹೇಳಿ.

ನಾಟಕ, ಓದು, ಧ್ಯಾನ ಇವುಗಳಿಂದ ಏನಾಗುತ್ತೆ ಅಂತ ಕೆಲವರು ಕೇಳ್ತಾರೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ನಮ್ಮ ರಾಜ್ಯದ ಜೈಲುಗಳಲ್ಲಿ ಬಂದಿಗಳಿಂದಲೇ ನಾಟಕ ಮಾಡಿಸಿದರು, ಅವು ಜೈಲಿನ ಹೊರಗೂ ಪ್ರದರ್ಶನ ಕಂಡವು. ದಿಲ್ಲಿಯ ತಿಹಾರದಲ್ಲಿ 1994ರಲ್ಲಿ ಸುಮಾರು ಸಾವಿರ ಬಂದಿಗಳು ಹತ್ತು ದಿನದ ವಿಪಶ್ಯನ ಶಿಬಿರದಲ್ಲಿ ಕೂತರು. ನಾಟಕದ ತಾಲೀಮಿನಲ್ಲಿ ಬೇರೆಬೇರೆ ಗುಂಪಿನವರು ತಿಂಗಳುಗಟ್ಟಲೆ ಒಬ್ಬರ ಮಾತಿಗೆ ಇನ್ನೊಬ್ಬರು ಕಾಯಬೇಕು, ಅದು ಬ್ಯಾರಕ್ಕಿನ ನಿಯಮಕ್ಕೆ ಪೂರ್ತಿ ವಿರುದ್ಧ. ಹಾಗಾಗಿ ಅದನ್ನ ಮನರಂಜನೆ ಅಂತ ತಳ್ಳಿಹಾಕಬೇಡಿ. ಇಗ್ನೊ ಮುಕ್ತ ವಿಶ್ವವಿದ್ಯಾಲಯ ಬಂದಿಗಳಿಗೆ ಶುಲ್ಕವಿಲ್ಲದೆ ಓದಿಸುತ್ತೆ. ವಿಚಾರಣಾಧೀನ ಕೇಳಿದರೆ ಅವನಿಗೂ ಸಿಗಬೇಕು. ಕೇಳೋಕೆ ಹೊರಗಿನಿಂದ ಒಬ್ಬರು ಬೆನ್ನು ಹತ್ತಬೇಕು ಅಷ್ಟೆ.

ವಿಜಯನಗರ ನಿವಾಸಿ
ಜೈಲೊಳಗೇ ದುಡ್ಡಿದ್ದವರಿಗೆ ಎಲ್ಲ ಸಿಗುತ್ತೆ ಅನ್ನೋದಕ್ಕೆ ಏನಂತೀರಿ?

ಬಂದೀಖಾನೆ ಮಾಜಿ ಅಧಿಕಾರಿ
ಮುಚ್ಚಿಡೋಕಾಗಲ್ಲ. 2017ರಲ್ಲಿ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ಪರಪ್ಪನ ಅಗ್ರಹಾರದ ವಿಶೇಷ ಸೌಲಭ್ಯಗಳ ಬಗ್ಗೆ ವರದಿ ಕೊಟ್ಟರು. 2024ರ ಆಗಸ್ಟಿನಲ್ಲಿ ಅದೇ ಜೈಲಿನ ಹುಲ್ಲುಹಾಸಿನ ಮೇಲೆ ಒಬ್ಬ ವಿಚಾರಣಾಧೀನ ನಟ ರೌಡಿಗಳ ಜತೆ ಆರಾಮಾಗಿ ಕೂತಿದ್ದ ಫೋಟೊ ಇಡೀ ರಾಜ್ಯ ನೋಡಿತು. ಇದರ ಕೆಟ್ಟ ಪರಿಣಾಮ ಎಲ್ಲಕ್ಕಿಂತ ಹೆಚ್ಚಾಗೋದು ಹೊಸ ಹುಡುಗನ ಮೇಲೆ. ಹೊರಗೆ ಅಣ್ಣ ಅನ್ನಿಸಿಕೊಂಡವನು ಒಳಗೂ ಅಣ್ಣನೇ ಅಂತ ಕಣ್ಣಲ್ಲೇ ಕಂಡ ಮೇಲೆ ಅವನಿಗೆ ಹೇಳೋಕೆ ನಮ್ಮ ಹತ್ತಿರ ಏನೂ ಉಳಿಯಲ್ಲ. ಮೊದಲ ಸಲ ಬಂದವರನ್ನ ಹಳಬರಿಂದ ಬೇರೆ ಇಡಬೇಕು ಅನ್ನೋದು ಜೈಲಿನ ಕೈಪಿಡಿಯಲ್ಲಿದೆ. ಅದು ಪಾಲನೆಯಾದರೆ ಅರ್ಧ ಕೆಲಸ ಆದ ಹಾಗೆ.

ಮೇಯೋಹಾಲ್ ವಕೀಲ
ಬಿಡೋ ವಿಷಯಕ್ಕೆ ಬರ್ತೀನಿ. ಹುಡುಗ ಮನಸ್ಸು ಮಾಡಿದ ಮೇಲೆ ಮುಂದಿನದೆಲ್ಲ ಕಾಗದಪತ್ರದ ಕೆಲಸ. ಇ-ಕೋರ್ಟ್ಸ್ ಆ್ಯಪಲ್ಲಿ ಅವನ ಹೆಸರು, ಠಾಣೆ, ಎಫ್ಐಆರ್ ನಂಬರ್ ಹಾಕಿ ಎಲ್ಲ ಕೇಸಿನ ಪಟ್ಟಿ ಮಾಡಿ. ಅವನಿಗೆ ಮೂರು ನೆನಪಿರುತ್ತೆ, ಹುಡುಕಿದರೆ ಐದು ಸಿಗುತ್ತೆ. ಗೈರುಹಾಜರಾಗಿ ವಾರಂಟ್ ಆಗಿರೋದನ್ನ ಮೊದಲು ತೀರಿಸಿ. ವಕೀಲರ ಜತೆ ತಾನಾಗೇ ಹೋಗಿ ವಾರಂಟ್ ರೀಕಾಲ್ ಅರ್ಜಿ ಹಾಕಿದವನಿಗೂ ಪೊಲೀಸರು ಎಳಕೊಂಡು ಬಂದವನಿಗೂ ನ್ಯಾಯಾಧೀಶರು ಒಂದೇ ಕಣ್ಣಲ್ಲಿ ನೋಡಲ್ಲ. ಬೈದಾಟ, ಕೈಯಲ್ಲಿ ಹೊಡೆದ ಸಣ್ಣ ಕೇಸ್‌ಗಳನ್ನ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿ ಮುಗಿಸಿ. ಪಟ್ಟಿ ಚಿಕ್ಕದಾಗೋದು ಬಹಳ ಮುಖ್ಯ: ವಿಚಾರಣಾಧೀನನಾಗಿ ಗರಿಷ್ಠ ಶಿಕ್ಷೆಯ ಅರ್ಧ ಅವಧಿ, ಮೊದಲ ಸಲದವನಾದರೆ ಮೂರನೇ ಒಂದು ಭಾಗ ಕಳೆದರೆ ಬಿಡಬೇಕು ಅಂತ ಸುರಕ್ಷಾ ಸಂಹಿತೆಯ 479ನೇ ಕಲಮು ಹೇಳುತ್ತೆ. ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇದ್ದವನಿಗೆ ಅದು ಸಿಗಲ್ಲ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರೋ ಅಪರಾಧಕ್ಕೂ ಇಲ್ಲ.

ಒಳಗಿರುವಾಗಲೇ ಇನ್ನೊಂದು ಠಾಣೆಯವರು ಬಾಡಿ ವಾರಂಟ್ ಮೇಲೆ ಕರಕೊಂಡು ಹೋಗಬಹುದು. ಒಂದು ಕೇಸಲ್ಲಿ ಬೇಲ್ ಆಯ್ತು ಅಂತ ಸಿಹಿ ಹಂಚಬೇಡಿ, ಪ್ರತಿ ಕೇಸಿಗೂ ಬೇರೆ ಬೇಲ್ ಬೇಕು.

ಲಗ್ಗೆರೆ ಸಮಾಲೋಚಕಿ
‘ನಾನು ಬಿಟ್ಟೆ’ ಅಂತ ಘೋಷಣೆ ಮಾಡಿಸಬೇಡಿ. ವೇದಿಕೆ ಹತ್ತಿಸಿ ಹಾರ ಹಾಕಿಸಿದರೆ ಹಳೇ ಗುಂಪಿಗೆ ಅವಮಾನ, ಎದುರು ಗುಂಪಿಗೆ ಈಗ ಇವನಿಗೆ ದಿಕ್ಕಿಲ್ಲ ಅನ್ನೋ ಸುದ್ದಿ. ನಿಧಾನ ಕಡಿಮೆ ಮಾಡಿಕೊಂಡು ಬರೋದೇ ಕ್ಷೇಮ. ‘ಅಮ್ಮನಿಗೆ ಹುಷಾರಿಲ್ಲ’, ‘ಮದುವೆ ಗೊತ್ತಾಗಿದೆ’, ‘ಮಾವನ ಜತೆ ಕೆಲಸಕ್ಕೆ ಹೋಗ್ತಿದೀನಿ’, ಇಂಥ ಕಾರಣಗಳನ್ನ ಗುಂಪು ಒಪ್ಪಿಕೊಳ್ಳುತ್ತೆ, ಯಾರ ಮುಖಕ್ಕೂ ಮಸಿ ಬಳಿದ ಹಾಗಾಗಲ್ಲ. ಮಗು ಹುಟ್ಟಿದಾಗ, ಜತೆಗಾರ ಸತ್ತಾಗ, ತನಗೇ ಏಟು ಬಿದ್ದು ಆಸ್ಪತ್ರೆಯಲ್ಲಿದ್ದಾಗ ಮನಸ್ಸು ತೆರೆದಿರುತ್ತೆ. ಆ ಬಾಗಿಲು ಕೆಲವೇ ದಿನ ತೆರೆದಿರೋದು, ಆಗ ನೀವು ಅಲ್ಲಿರಬೇಕು. ಕತ್ತಿನ ಮೇಲೆ ಅಣ್ಣನ ಹೆಸರು ಹಚ್ಚೆ ಇದ್ದರೆ ಲೇಸರಿಗೆ ಹಲವು ಸಿಟ್ಟಿಂಗ್ ಬೇಕು, ನಡುವೆ ಆರೆಂಟು ವಾರದ ಅಂತರ. ಲಾಸ್ ಏಂಜಲೀಸಿನಲ್ಲಿ 1988ರಲ್ಲಿ ಶುರುವಾದ ಹೋಂಬಾಯ್ ಇಂಡಸ್ಟ್ರೀಸ್ ಗ್ಯಾಂಗ್ ಬಿಟ್ಟು ಬಂದವರಿಗೆ ಹಚ್ಚೆಯನ್ನ ಪುಕ್ಕಟೆ ತೆಗೆಸಿ, ಬೇಕರಿಯಲ್ಲಿ ಕೆಲಸ ಕೊಟ್ಟು, 18 ತಿಂಗಳು ಜತೆಗಿರುತ್ತೆ. ನಾವಿಲ್ಲಿ ಮೂರು ದಿನದ ಶಿಬಿರ ಮಾಡಿ ಫಲ ಕೇಳ್ತೀವಿ.

ನಿವೃತ್ತ ರೈಟರ್
ಊರು ಬಿಡಿಸೋ ಮೊದಲು ಬೇಲ್ ಷರತ್ತು ಓದಿ ಮೇಡಂ. ಕೋರ್ಟಿನ ವ್ಯಾಪ್ತಿ ಬಿಡಬಾರದು, ವಾರಕ್ಕೊಮ್ಮೆ ಠಾಣೆಗೆ ಸಹಿ ಹಾಕಬೇಕು ಅಂತಿದ್ದರೆ ಕುಣಿಗಲ್ಲಿಗೆ ಕಳಿಸಿದ ದಿನವೇ ಷರತ್ತು ಮುರಿದ ಹಾಗೆ. ಮೊದಲು ಷರತ್ತು ಸಡಿಲಿಕೆಗೆ ಅರ್ಜಿ, ಆಮೇಲೆ ಬಸ್ಸು. ಹೊಸ ವಿಳಾಸವನ್ನ ಠಾಣೆಗೆ ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ. ರೌಡಿ ಶೀಟ್ ಮುಚ್ಚಿಸೋಕೆ ಖುಲಾಸೆಯಾದ ತೀರ್ಪಿನ ದೃಢೀಕೃತ ಪ್ರತಿ, ಕೆಲಸದ ಪತ್ರ, ಮನೆ ಕರಾರು ಸೇರಿಸಿ ಎಸಿಪಿ ಮೂಲಕ ಡಿಸಿಪಿ ಕಚೇರಿಗೆ ಮನವಿ ಕೊಡಿ. ಗಣೇಶ ಹಬ್ಬ, ಚುನಾವಣೆ ಬಂದಾಗ ಹೇಗೂ ಕರೀತಾರೆ. ಕರೆಯೋ ಮೊದಲೇ ವಕೀಲರ ಜತೆ ಹೋಗಿ ಮುಚ್ಚಳಿಕೆ ಬರೆದುಕೊಟ್ಟರೆ ಕೆಲಸದ ಜಾಗಕ್ಕೆ ಜೀಪು ಬರೋದು ತಪ್ಪುತ್ತೆ.

ಪೀಣ್ಯ ಸೂಪರ್‌ವೈಸರ್
ಕೆಲಸದ ಬಗ್ಗೆ ಎರಡು ಮಾತು. ಸೆಕ್ಯುರಿಟಿ, ಡೆಲಿವರಿ, ಕ್ಯಾಬ್‌ಗೆ ಪೊಲೀಸ್ ವೆರಿಫಿಕೇಶನ್ ಕೇಳ್ತಾರೆ, ಬಾಕಿ ಕೇಸ್ ಇದ್ದರೆ ಅಲ್ಲೇ ನಿಂತುಹೋಗುತ್ತೆ. ಆ ಕಡೆ ಓಡಾಡಿಸಿ ಹುಡುಗನ ಉತ್ಸಾಹ ಕೆಡಿಸಬೇಡಿ. ಸಣ್ಣ ವರ್ಕ್‌ಶಾಪ್, ವೆಲ್ಡಿಂಗ್, ಟೈಲ್ಸ್, ಎಸಿ ರಿಪೇರಿ, ಇಲ್ಲೆಲ್ಲ ಪರಿಚಯಸ್ಥರ ಮಾತೇ ಸಾಕು. ತಿಂಗಳ ಸಂಬಳ ಬೇಡ, ಶನಿವಾರದ ಬಟವಾಡೆ ಇರೋ ಜಾಗ ನೋಡಿ. ಮೂವತ್ತು ದಿನ ಬರಿಜೇಬಲ್ಲಿ ಇರಿಸಿದರೆ ಹತ್ತನೇ ದಿನಕ್ಕೆ ಬೇಕರಿ ಮುಂದೆ ನಿಂತಿರ್ತಾನೆ. ಕೋರ್ಟ್ ವಾಯಿದೆಗೆ ತಿಂಗಳಿಗೆ ಎರಡು ಮೂರು ದಿನ ಬೇಕು ಅನ್ನೋದನ್ನ ಮಾಲೀಕರಿಗೆ ಸೇರೋ ದಿನವೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ನಂಬಿಕೆ ಹೋಗುತ್ತೆ. ಕಲಿಬೇಕು ಅನ್ನೋನಿಗೆ ನೆಲಮಂಗಲದ ಅರಿಶಿನಕುಂಟೆಯ ರುಡ್‌ಸೆಟಿ ಅನ್ನೋ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಇದೆ. ಏರಿಯಾದಿಂದ ದೂರ ಇರೋದೂ ಅನುಕೂಲ.

ಕಟ್ಟೆ ಓದುಗ, ಓಕಳಿಪುರ
ಎಲ್ಲರಿಗೂ ಕೈಮುಗೀತೀನಿ. ಒಬ್ಬೊಬ್ಬ ಹುಡುಗನಿಗೂ ಒಂದು ಫೈಲ್ ಮಾಡ್ತೀವಿ: ಶಾಲೆ ದಾಖಲೆ, ಕೇಸಿನ ಪಟ್ಟಿ, ಮುಂದಿನ ವಾಯಿದೆ, ಬೇಲ್ ಷರತ್ತು. ಶ್ಯೂರಿಟಿಗೆ ನಿಲ್ಲೋಕೆ ಇಬ್ಬರು ಹಿರಿಯರು ಒಪ್ಪಿದ್ದಾರೆ. ಬಿಟ್ಟುಹೋಗಿರೋದು ಏನಾದರೂ ಇದೆಯಾ?

ಬಂದೀಖಾನೆ ಮಾಜಿ ಅಧಿಕಾರಿ
ಬಿಡುಗಡೆಯ ದಿನ. ಆದೇಶ ಜೈಲಿಗೆ ತಲುಪಿ, ಪರಿಶೀಲನೆ ಮುಗಿದು, ಹುಡುಗ ಗೇಟು ದಾಟೋದು ಸಾಮಾನ್ಯವಾಗಿ ಸಂಜೆ ಮೇಲೆ. ಮನೆಯವರು ಮಧ್ಯಾಹ್ನದಿಂದ ಕಾದು, ಇವತ್ತು ಆಗಲ್ಲ ಅಂದುಕೊಂಡು ಹೊರಟುಹೋಗಿರ್ತಾರೆ. ಗುಂಪಿನವರು ಹೋಗಲ್ಲ. ಹಾರ, ಪಟಾಕಿ, ನಾಲ್ಕು ಕಾರು ತಗೊಂಡು ಬಂದು ಗೇಟಿನ ಹತ್ತಿರವೇ ನಿಂತಿರ್ತಾರೆ. ಅವನು ಅವತ್ತು ಯಾರ ಗಾಡಿ ಹತ್ತುತ್ತಾನೆ ಅನ್ನೋದನ್ನ ನೋಡ್ಕೊಳ್ಳಿ. ಅವನ ತಾಯಿ, ಜತೆಗೆ ಸಂಘದ ಒಬ್ಬರು, ಊಟದ ಡಬ್ಬಿ, ಒಂದು ಜತೆ ಬಟ್ಟೆ. ರಾತ್ರಿ ಎಂಟಾದರೂ ಅಲ್ಲೇ ಇರಿ. ಹೊಸ ರೋಡ್ ಮೆಟ್ರೊ ಸ್ಟೇಷನ್ ಹತ್ತಿರವೇ ಇದೆ, ಆಟೊ ಸಿಗುತ್ತೆ.